ಬ್ರೇಕಿನ ಬೋಲ್ಟು ಎಷ್ಟು ಬಿಗಿಯಬೇಕು? ಮನೆಯಂಗಳದಲ್ಲೇ ಬ್ರೇಕ್ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ನಮ್ಮ ಮನೆಯಂಗಳಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಂಕೋಲೆಗೆ ಹೊರಡಲು ಕಾರನ್ನು ಹಿಂದಕ್ಕೆ ತೆಗೆದೆ. ಎಡಗಡೆಯ ಮುಂದಿನ ಗಾಲಿ ನಿಂತಿದ್ದ ಜಾಗದಲ್ಲಿ ಆ ಕಲ್ಲಿನ ಮೇಲೆ ರೂಪಾಯಿಯಗಲದ ಒಂದು ಒದ್ದೆ ಕಲೆ ಇತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ: ಎಣ್ಣೆಯಂತೆ ಜಾರುತ್ತಿತ್ತು, ನೀರಿನಲ್ಲಿ ತೊಳೆದರೆ ಹೋಯಿತು. ಅದು ಬ್ರೇಕ್ ಆಯಿಲ್. ಹಿಂದಿನ ದಿನ ನಾನೇ ಬ್ರೇಕ್ ಹೋಸ್ ಬದಲಿಸಿದ್ದೆ. ಹೋಸಿನ ಬೋಲ್ಟಿಗೆ ಹಳೆಯ ತಾಮ್ರದ ವಾಷರನ್ನೇ ಹಾಕಿ, ಪಾನಾಕ್ಕೆ ಮೈಭಾರ ಕೊಟ್ಟು ಜಗ್ಗಿ ಬಿಗಿದಿದ್ದೆ. ಅವತ್ತು ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವುದಿತ್ತು, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಹೊರಡುವುದನ್ನು ಬಿಟ್ಟು ಗಾಲಿ ಬಿಚ್ಚಿದೆ.

ನಾನು ಬೋಲ್ಟನ್ನು ಸಡಿಲು ಬಿಟ್ಟಿರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಬಿಗಿದಿದ್ದೆ. ಬಿಚ್ಚಿ ನೋಡಿದಾಗ ಆ ಬೋಲ್ಟಿನ ಕುತ್ತಿಗೆ ಹಿಗ್ಗಿ ತುಸು ಸಪೂರವಾಗಿದ್ದು ಕಾಣುತ್ತಿತ್ತು. ಇನ್ನೊಂದು ಕಾಲು ಸುತ್ತು ಕೊಟ್ಟಿದ್ದರೆ ತುಂಡಾಗುತ್ತಿತ್ತು. ನಮ್ಮ ಕಡೆ ಬ್ರೇಕ್ ಕೆಲಸಕ್ಕೆ ಕೂತರೆ ಪಕ್ಕದಲ್ಲಿ ನಿಂತವರು ಹೇಳುವುದು ಒಂದೇ: "ಇನ್ನೊಂದೀಟ ಜಗ್ಗೋ ತಮ್ಮಾ, ಬ್ರೇಕಿಂದ ಐತಿ ಅದು." ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಬ್ರೇಕಿನ ಪ್ರತಿ ಬೋಲ್ಟಿಗೂ ಅದರದೇ ಒಂದು ಅಳತೆ ಇದೆ, ಕೈಗೆ ಆ ಅಳತೆ ತಿಳಿಯುವುದಿಲ್ಲ. ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಬಿಗಿಯುವ ಬಲದ ಹತ್ತು ಪಟ್ಟು ಬಲ, ಕ್ಯಾಲಿಪರನ್ನು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹೊರುವ ಬ್ರಾಕೆಟ್ಟಿನ ಬೋಲ್ಟಿಗೆ ಬೇಕು. ಎರಡನ್ನೂ ಒಂದೇ ಕೈ, ಒಂದೇ ಹುರುಪಿನಲ್ಲಿ ಬಿಗಿದರೆ ಒಂದು ಮುರಿಯುತ್ತದೆ, ಇಲ್ಲವೇ ಇನ್ನೊಂದು ಬಿಚ್ಚುತ್ತದೆ.

ಬಿಗಿಯುವುದೆಂದರೆ ಏನಾಗುತ್ತದೆ

ಬೋಲ್ಟು ಒಂದು ಸ್ಪ್ರಿಂಗ್. ಬಿಗಿದಾಗ ಅದು ತುಸು ಹಿಗ್ಗುತ್ತದೆ. ಮತ್ತೆ ಕುಗ್ಗಲು ಎಳೆಯುವ ಆ ಬಲವೇ ಎರಡು ಲೋಹಗಳನ್ನು ಅವುಚಿ ಹಿಡಿಯುತ್ತದೆ. ಕ್ಯಾಲಿಪರಿನ ಪಿನ್ನಿಗೆ ಹಾಕುವ ಎಂ8 ಬೋಲ್ಟು ಹೆಚ್ಚುಕಡಿಮೆ ಪೆನ್ಸಿಲಿನ ದಪ್ಪ. ಅದನ್ನು 25 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ, ಅಂದರೆ ಟಾರ್ಕಿನ ಅಳತೆ ಇದು) ಬಿಗಿದರೆ ಸುಮಾರು ಒಂದೂವರೆ ಟನ್ ಭಾರದಷ್ಟು ಬಲದಿಂದ ಹಿಡಿಯುತ್ತದೆ. ಕಡಿಮೆ ಹಿಗ್ಗಿಸಿದರೆ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಮಿತಿ ಮೀರಿ ಹಿಗ್ಗಿಸಿದರೆ ಸ್ಪ್ರಿಂಗಿನ ಗುಣವನ್ನೇ ಕಳೆದುಕೊಳ್ಳುತ್ತದೆ. ಆಮೇಲೆ ಅದು ಕೈಗೆ ಬಿಗಿಯಾಗಿದ್ದಂತೆ ಕಂಡರೂ ಹಿಡಿತ ಇರುವುದಿಲ್ಲ.

ನೀವು ಪಾನಾಕ್ಕೆ ಕೊಡುವ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ, 40 ಪಾಲು ಥ್ರೆಡ್ಡಿನ ತಿಕ್ಕಾಟಕ್ಕೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ನೂರರಲ್ಲಿ ಹತ್ತೇ ಪಾಲು. ಹಾಗಾಗಿ ತಿಕ್ಕಾಟ ಸ್ವಲ್ಪ ಬದಲಾದರೂ ಲೆಕ್ಕ ತಪ್ಪುತ್ತದೆ. ಥ್ರೆಡ್ಡಿಗೆ ಎಣ್ಣೆ ಹಚ್ಚಿ ಅದೇ ಅಂಕಿಗೆ ಬಿಗಿದರೆ ಹಿಗ್ಗುವಿಕೆ ಮೂರರಲ್ಲೊಂದು ಪಾಲು ಹೆಚ್ಚಬಹುದು. ತುಕ್ಕು, ಮಣ್ಣು ಇದ್ದರೆ ಉಲ್ಟಾ: ಪಾನಾ ಬಿಗಿ ಎನ್ನುತ್ತದೆ, ಬೋಲ್ಟು ಹಿಗ್ಗಿಯೇ ಇರುವುದಿಲ್ಲ. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ ಅದರ ಅಂಕಿ ಸ್ವಚ್ಛವಾದ, ಒಣಗಿದ ಥ್ರೆಡ್ಡಿನದು ಎಂದೇ ತಿಳಿಯಿರಿ. ತಂತಿಯ ಬ್ರಶ್ಶಿನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಬೋಲ್ಟು ಕೈಯಿಂದಲೇ ಕೊನೆಯವರೆಗೆ ತಿರುಗಿ ಹೋಗಬೇಕು. ಅರ್ಧಕ್ಕೆ ಸಿಕ್ಕಿದರೆ ಪಾನಾ ಹಾಕಬೇಡಿ. ಥ್ರೆಡ್ ಅಡ್ಡಡ್ಡ ಹತ್ತಿದೆ ಎಂದರ್ಥ.

ಟಾರ್ಕ್ ಪಾನಾ, ಅದರ ಪರೀಕ್ಷೆ

ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಎನ್ನುವ ಟಾರ್ಕ್ ಪಾನಾ ಒಂದನ್ನು ಕೊಳ್ಳಿ. ಸಾಧ್ಯವಾದರೆ ಎರಡು. ದೊಡ್ಡದು ಅರ್ಧ ಇಂಚಿನದು, ಗಾಲಿ ನಟ್ಟಿಗೆ ಮತ್ತು ಬ್ರಾಕೆಟ್ಟಿಗೆ. ಸಣ್ಣದು 5ರಿಂದ 50–60 ನ್ಯೂಟನ್ ಮೀಟರಿನ ಒಳಗಿನದು. 200ರ ಪಾನಾದಲ್ಲಿ 8 ಬಿಗಿಯಲು ಹೋಗಬೇಡಿ. ಅದರ ಸಾಮರ್ಥ್ಯದ ಕೆಳಗಿನ ಐದನೇ ಒಂದು ಭಾಗ ನಂಬಲು ತಕ್ಕದ್ದಲ್ಲ, ಕ್ಲಿಕ್ ಕೇಳುವ ಹೊತ್ತಿಗೆ ಬೋಲ್ಟು ಮುರಿದಿರುತ್ತದೆ.

ಪಾನಾದ ಮೇಲೆ ಎರಡು ಅಳತೆಗಳಿರುತ್ತವೆ. ನ್ಯೂಟನ್ ಮೀಟರ್ ಒಂದು ಕಡೆ, ಫುಟ್ ಪೌಂಡ್ ಇನ್ನೊಂದು ಕಡೆ. ಕಣ್ತಪ್ಪಿ ಫುಟ್ ಪೌಂಡಿನ 30ಕ್ಕೆ ತಿರುಗಿಸಿದರೆ ನೀವು ಬಿಗಿದದ್ದು ಸುಮಾರು 41 ನ್ಯೂಟನ್ ಮೀಟರ್. ಹಳೆಯ ಮ್ಯಾನ್ಯುಯಲ್ಲುಗಳಲ್ಲಿ ಕೆಜಿ-ಮೀಟರ್ ಇರುತ್ತದೆ, ಅದನ್ನು 9.8ರಿಂದ ಗುಣಿಸಿ.

ಪಾನಾ ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು. ಅದರ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಕೆ ನೆಲಕ್ಕೆ ಸಮಾನಾಂತರವಾಗಿರಲಿ. ಚೌಕದ ನಡುವಿನಿಂದ 40 ಸೆಂಟಿಮೀಟರ್ ಅಳೆದು ಹಿಡಿಕೆಯ ಮೇಲೆ ಗುರುತು ಹಾಕಿ. ಹಿಡಿಕೆಯಲ್ಲಿ ಕೈ ಹಿಡಿಯುವ ಜಾಗ ಅದೇ ಸುಮಾರಿಗೆ ಬರುವ ಪಾನಾ ಇದಕ್ಕೆ ಸರಿ. ಆ ಗುರುತಿಗೆ 20 ಲೀಟರಿನ ತುಂಬಿದ ನೀರಿನ ಕ್ಯಾನನ್ನು ಹಗ್ಗದಿಂದ ಮೆಲ್ಲಗೆ ತೂಗಿಬಿಡಿ. 20 ಕಿಲೋ ಭಾರ 40 ಸೆಂಟಿಮೀಟರಿನಲ್ಲಿ ಎಂದರೆ 78 ನ್ಯೂಟನ್ ಮೀಟರ್, ಪಾನಾದ ಸ್ವಂತ ಭಾರ ಸೇರಿ 80ರ ಆಸುಪಾಸು. ಪಾನಾ 72ಕ್ಕೆ ಇದ್ದಾಗ ಕ್ಲಿಕ್ ಆಗಬೇಕು, 90ಕ್ಕೆ ಇಟ್ಟಾಗ ಆಗಬಾರದು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ಕೆಟ್ಟ ಪಾನಾ ಇಲ್ಲಿ ಸಿಕ್ಕಿಬೀಳುತ್ತದೆ.

ಟಾರ್ಕ್ ಪಾನಾ ಇಲ್ಲವೇ ಇಲ್ಲ ಎಂದರೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಬೋಲ್ಟಿನ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ಪಾನಾಕ್ಕೆ ಕೊಕ್ಕೆ ಹಾಕಿ, ಪಾನಾಕ್ಕೆ ಲಂಬವಾಗಿ ಎಳೆಯಿರಿ. ತಕ್ಕಡಿ 9 ಕಿಲೋ ತೋರಿಸಿದಾಗ ಬೋಲ್ಟಿಗೆ ಬಿದ್ದದ್ದು 26 ನ್ಯೂಟನ್ ಮೀಟರಿಗಿಂತ ತುಸು ಹೆಚ್ಚು. ಕೈ ಅಂದಾಜಿಗಿಂತ ಇದು ಎಷ್ಟೋ ವಾಸಿ.

ಹಿಡಿಕೆಯ ನಡುವೆ ಹಿಡಿದು, ಒಂದೇ ಸಮನೆ ಮೆಲ್ಲಗೆ ಎಳೆಯಿರಿ. ಮೊದಲ ಕ್ಲಿಕ್ಕಿಗೇ ನಿಲ್ಲಿಸಿ. ಖಾತ್ರಿಗೆಂದು ಎರಡು ಮೂರು ಸಲ ಕ್ಲಿಕ್ ಮಾಡುವ ಚಾಳಿ ಬಹಳ ಜನರಿಗಿದೆ. ಪ್ರತಿ ಸಲವೂ ಬೋಲ್ಟು ಇನ್ನಷ್ಟು ಹಿಗ್ಗುತ್ತದೆ. ಹಿಡಿಕೆಗೆ ಪೈಪ್ ತೂರಿಸಬಾರದು. ಈ ಪಾನಾದಿಂದ ಬಿಚ್ಚುವ ಕೆಲಸ ಮಾಡಬಾರದು. ಕೆಲಸ ಮುಗಿದ ಮೇಲೆ ಅದನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ.

ಎರಿ ಮಣ್ಣಿನ ಮೇಲೆ ಜಾಕ್

ಹುಬ್ಬಳ್ಳಿಯಿಂದ ಗದಗಿನವರೆಗೆ ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಲ್ಲಿನಂತಿರುತ್ತದೆ, ಒಂದು ಮಳೆ ಬಿದ್ದರೆ ಬೆಣ್ಣೆ. ಮಣ್ಣಂಗಳದಲ್ಲಿ ಜಾಕ್ ನಿಧಾನಕ್ಕೆ ಇಳಿಯುವುದು ಕಣ್ಣಿಗೆ ಬೀಳುವುದಿಲ್ಲ. ಕಾರು ಓರೆಯಾದ ಮೇಲಷ್ಟೇ ತಿಳಿಯುತ್ತದೆ. ಸಿಮೆಂಟ್ ನೆಲ ಇಲ್ಲದಿದ್ದರೆ ಎರಡಡಿ ಚೌಕದ ದಪ್ಪ ಹಲಗೆ ಹಾಸಿ. ಶಹಾಬಾದ್ ಕಲ್ಲಿನ ಮೇಲೂ ಹಲಗೆ ಬೇಕು. ಕೆಳಗೆ ಪೊಳ್ಳಿದ್ದರೆ ಕಲ್ಲು ಸೀಳುತ್ತದೆ. ಎತ್ತದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ. ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಗಾಲಿ ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಬಿಚ್ಚಿದ ಗಾಲಿಯನ್ನು ಕಾರಿನಡಿ ಅಡ್ಡ ಮಲಗಿಸಿದರೆ ಅದೂ ಒಂದು ಆಸರೆ.

ಬ್ರೇಕಿನ ಧೂಳನ್ನು ಊದಬೇಡಿ, ಒದ್ದೆ ಮಾಡಿ ಒರೆಸಿ. ಬ್ರೇಕ್ ಆಯಿಲ್ ವಿಷ, ಬಣ್ಣವನ್ನೂ ತಿನ್ನುತ್ತದೆ. ಚೆಲ್ಲಿದರೆ ಕೂಡಲೇ ನೀರು ಹಾಕಿ. ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ.

ಒಂದೊಂದೇ ಬೋಲ್ಟು

ಮುಂದೆ ಕೊಡುವ ಅಂಕಿಗಳು ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ವ್ಯಾಪ್ತಿ. ನಿಮ್ಮ ಗಾಡಿಯ ನಿಖರ ಅಂಕಿಯನ್ನು ಅದರ ಸರ್ವಿಸ್ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ. ಕೆಲಸ ಶುರು ಮಾಡುವ ಮೊದಲು ಒಂದು ಚೀಟಿಯಲ್ಲಿ ಎಲ್ಲ ಬರೆದು ಗಾಲಿ ಗೂಡಿನ ಒಳಗೆ ಅಂಟಿಸಿಕೊಳ್ಳಿ. ಆಯಿಲ್ ಮೆತ್ತಿದ ಕೈಯಲ್ಲಿ ಮೊಬೈಲ್ ಹುಡುಕುವಾಗಲೇ ಅಂಕಿ ಅದಲು ಬದಲಾಗುವುದು.

ಮೊದಲು ಬ್ರಾಕೆಟ್. ಕ್ಯಾಲಿಪರನ್ನು ಹೊತ್ತು ನಿಲ್ಲುವ ಈ ಚೌಕಟ್ಟು ಎರಡು ದಪ್ಪ ಬೋಲ್ಟುಗಳಿಂದ, ಗಾಲಿಯ ಹಬ್ಬನ್ನು ಹೊರುವ ಲೋಹದ ಭಾಗವಾದ ನಕಲ್‌ಗೆ ಕೂತಿರುತ್ತದೆ. 75ರಿಂದ 110 ನ್ಯೂಟನ್ ಮೀಟರ್. ಬ್ರೇಕ್ ಹಾಕಿದಾಗ ಇಡೀ ಜಗ್ಗಾಟ ಈ ಎರಡರ ಮೇಲೆ. ಕಾರ್ಖಾನೆಯಿಂದ ಬಂದ ಬೋಲ್ಟಿನ ಥ್ರೆಡ್ಡಿನ ಮೇಲೆ ಬಣ್ಣದ ಗಟ್ಟಿ ಅಂಟು ಕಂಡರೆ ಅದು ಒಂದು ಸಲಕ್ಕೆ ಮಾತ್ರ. ಹೊಸ ಬೋಲ್ಟು ತನ್ನಿ, ಅಥವಾ ಮ್ಯಾನ್ಯುಯಲ್ ಒಪ್ಪಿದರೆ ಹಳೆಯ ಅಂಟು ಕೆರೆದು ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಾಕಿ. ಕೆಂಪು ಬೇಡ, ಅದು ಮುಂದೆ ಬಿಚ್ಚಲು ಬಿಸಿ ಕೇಳುತ್ತದೆ. ಎರಡೂ ಬೋಲ್ಟುಗಳನ್ನು ಕೈಯಲ್ಲಿ ಪೂರ್ತಿ ಹಾಕಿದ ಮೇಲಷ್ಟೇ ಟಾರ್ಕ್ ಪಾನಾ ಹಿಡಿಯಿರಿ.

ಆಮೇಲೆ ಸ್ಲೈಡ್ ಪಿನ್ನುಗಳು. ಕ್ಯಾಲಿಪರ್ ಹಿಂದೆ ಮುಂದೆ ಸರಿಯುವುದು ಇವುಗಳ ಮೇಲೆ. ಎರಡು ಪಿನ್ನುಗಳು ಒಂದೇ ತರ ಕಂಡರೂ ಹಲವು ಗಾಡಿಗಳಲ್ಲಿ ಒಂದರ ತುದಿಗೆ ರಬ್ಬರ್ ಬುಶ್ ಇರುತ್ತದೆ. ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಬಿಚ್ಚುವಾಗಲೇ ಫೋಟೊ ತೆಗೆಯಿರಿ. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಹಿಡಿದುಕೊಳ್ಳುತ್ತದೆ. ಗ್ರೀಸ್ ಪಿನ್ನಿನ ಮೈಗೆ ಮಾತ್ರ, ಬೋಲ್ಟಿನ ಥ್ರೆಡ್ಡಿಗಲ್ಲ. ಬೋಲ್ಟು ಬಿಗಿಯುವಾಗ ಪಿನ್ ಕೂಡ ಜೊತೆಗೆ ತಿರುಗುತ್ತದೆ. ಹಾಗೆ ಬಿಟ್ಟರೆ ರಬ್ಬರ್ ಬೂಟು ತಿರುಚಿ ಸೀಳುತ್ತದೆ, ಟಾರ್ಕೂ ಸರಿಯಾಗಿ ಬೀಳುವುದಿಲ್ಲ. ಪಿನ್ನಿನ ಚಪ್ಪಟೆ ಜಾಗಕ್ಕೆ ತೆಳುವಾದ ಓಪನ್ ಪಾನಾ ಕೊಟ್ಟು ಎಡಗೈಯಲ್ಲಿ ತಡೆದು, ಬಲಗೈಯಲ್ಲಿ ಬಿಗಿಯಿರಿ. 22ರಿಂದ 36. ಕೆಲಸವಾದ ಮೇಲೆ ಬೂಟಿನ ಮಡಿಕೆಗಳ ಮೇಲೆ ಬೆರಳಾಡಿಸಿ. ಸುತ್ತಲೂ ಸಮನಾಗಿರಬೇಕು, ಬಾಳೆಲೆಯ ಸುರುಳಿಯಂತೆ ತಿರುಚಿರಬಾರದು.

ಹೋಸಿನ ಬ್ಯಾಂಜೊ ಬೋಲ್ಟು ನನಗೆ ಪಾಠ ಕಲಿಸಿದ್ದು, ಅದಕ್ಕೇ ತುಸು ವಿವರವಾಗಿ ಹೇಳುತ್ತೇನೆ. ಇದು ಒಳಗೆ ಪೊಳ್ಳು. ನಡುವೆ ಉದ್ದಕ್ಕೊಂದು, ಪಕ್ಕಕ್ಕೊಂದು ರಂಧ್ರ. ಆಯಿಲ್ ಇದರ ಮೂಲಕವೇ ಹರಿಯುತ್ತದೆ. ಪಕ್ಕದ ರಂಧ್ರ ಇರುವ ಕಡೆ ಲೋಹ ತೆಳ್ಳಗಿರುವುದರಿಂದ ಅತಿ ಬಿಗಿದರೆ ಅಲ್ಲೇ ತುಂಡಾಗುತ್ತದೆ. ಸೋರಿಕೆ ತಡೆಯುವುದು ಬೋಲ್ಟಿನ ಬಿಗಿಯಲ್ಲ, ಅದರ ಎರಡು ಕಡೆ ಕೂರುವ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ವಾಷರುಗಳು. ಮೆತ್ತಗಿನ ಆ ಲೋಹ ಮೊದಲ ಸಲ ಅಮುಕಿದಾಗ ಎದುರಿನ ಮೈಯ ಸಣ್ಣ ಗೀರುಗಳಿಗೆಲ್ಲ ತುಂಬಿಕೊಳ್ಳುತ್ತದೆ. ಎರಡನೇ ಸಲ ಅದು ಗಟ್ಟಿಯಾಗಿರುತ್ತದೆ, ಹಳೆಯ ಅಚ್ಚು ಹೊಸ ಜಾಗಕ್ಕೆ ಹೊಂದುವುದಿಲ್ಲ. ನನ್ನ ಹಳೆಯ ವಾಷರನ್ನು ಬೆಳಕಿಗೆ ಹಿಡಿದಾಗ ಅದರ ಮೇಲೆ ಉಂಗುರದಂತೆ ಎರಡು ಗೆರೆ ಮೂಡಿದ್ದವು, ಒಂದರ ಮೇಲೊಂದು ತುಸು ಓರೆಯಾಗಿ. ಆಯಿಲ್ ಸೋರಿದ್ದು ಆ ಎರಡು ಗೆರೆ ಒಂದನ್ನೊಂದು ದಾಟುವ ಕಡೆಯಿಂದ. ಹೊಸ ವಾಷರಿನ ಬೆಲೆ ಎಷ್ಟೂ ಅಲ್ಲ. ಪ್ರತಿ ಸಲವೂ ಎರಡು ಹೊಸದು ಹಾಕಿ, ಹೋಸ್ ತಿರುಚದಂತೆ ಅದರ ಕಣ್ಣನ್ನು ಕ್ಯಾಲಿಪರಿನ ಗುರುತಿಗೆ ಕೂರಿಸಿ, ಹೇಳಿದ ಅಂಕಿಗೆ ಬಿಗಿಯಿರಿ. 20ರಿಂದ 35. ಆಮೇಲೂ ಜಿನುಗಿದರೆ ಇನ್ನಷ್ಟು ಬಿಗಿಯಬೇಡಿ. ಬಿಚ್ಚಿ, ವಾಷರ್ ಬದಲಿಸಿ, ಕೂರುವ ಮೈಯಲ್ಲಿ ಗೀರಿದೆಯೇ ನೋಡಿ.

ಬ್ಲೀಡರ್ ನಿಪ್ಪಲ್ಲಿಗೆ 5ರಿಂದ 12 ಅಷ್ಟೇ. ಇದರ ಚೂಪು ತುದಿ ಒಳಗಿನ ಕುಳಿಗೆ ಕೂತು ಆಯಿಲ್ ತಡೆಯುತ್ತದೆ, ಥ್ರೆಡ್ ತಡೆಯುವುದಿಲ್ಲ. ಅದಕ್ಕೇ ಇದಕ್ಕೆ ಟೇಪ್ ಸುತ್ತುವುದು, ಥ್ರೆಡ್ ಲಾಕರ್ ಹಾಕುವುದು ಎರಡೂ ತಪ್ಪು. ಬಿಚ್ಚುವಾಗ ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ಮೂಲೆ ಸವೆಸುತ್ತದೆ. ಗಟ್ಟಿ ಹಿಡಿದಿದ್ದರೆ ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬಲ ಹಾಕಬೇಡಿ. ಬ್ಲೀಡ್ ಮಾಡುವಾಗ ಪೆಡಲ್ ಒತ್ತಿ ಹಿಡಿದಿರುವಾಗಲೇ ಮುಚ್ಚಿ. ರಬ್ಬರ್ ಟೊಪ್ಪಿಗೆ ಮರೆಯಬೇಡಿ, ನಮ್ಮ ಊರಿನ ಧೂಳು ಆ ಸಣ್ಣ ರಂಧ್ರವನ್ನು ಒಂದೇ ಮಳೆಗಾಲದಲ್ಲಿ ಮುಚ್ಚಿಬಿಡುತ್ತದೆ. ಆಯಿಲ್ ಡಬ್ಬಿ ಹೊಸದೇ ಒಡೆಯಿರಿ. ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿನಲ್ಲಿ ಆ ವ್ಯತ್ಯಾಸ ಪೆಡಲಿನಲ್ಲೇ ಗೊತ್ತಾಗುತ್ತದೆ.

ಲೋಹದ ಬ್ರೇಕ್ ಪೈಪಿನ ತುದಿಯಲ್ಲಿರುವ ಫ್ಲೇರ್ ನಟ್ಟಿಗೆ 12ರಿಂದ 18. ಇದಕ್ಕೆ ಬಾಯಿ ಸೀಳಿದ ರಿಂಗಿನಂತಿರುವ ಫ್ಲೇರ್ ಪಾನಾವೇ ಬೇಕು. ಮಾಮೂಲಿ ಓಪನ್ ಪಾನಾ ಎರಡೇ ಮುಖ ಹಿಡಿಯುವುದರಿಂದ ಮೂಲೆ ಉರುಟಾಗುತ್ತದೆ. ನಟ್ಟಿನ ಜೊತೆ ಪೈಪ್ ತಿರುಗಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಕಾರನ್ನು ಎಳೆಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. ಅಲ್ಯೂಮಿನಿಯಮ್ ಕ್ಯಾಲಿಪರಿನ ಥ್ರೆಡ್ ಕಿತ್ತುಬಂದರೂ ಅಷ್ಟೇ. ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಡಬ್ಬಿಗೆ ಕೈ ಹಾಕಬೇಡಿ. ಈ ಮೂರರಲ್ಲಿ ಧೈರ್ಯ ತೋರಿಸುವುದರಿಂದ ಯಾರಿಗೂ ಉಪಯೋಗವಿಲ್ಲ.

ಪ್ರತಿ ಬೋಲ್ಟು ಅಂಕಿಗೆ ಬಂದ ತಕ್ಷಣ, ಮುಂದಿನದನ್ನು ಮುಟ್ಟುವ ಮೊದಲು, ಅದರ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಿಂದ ಒಂದು ಹಳದಿ ಗೆರೆ ಎಳೆಯಿರಿ. ಗೆರೆ ಇಲ್ಲದ ಬೋಲ್ಟು ಎಂದರೆ ಬಿಗಿಯದ ಬೋಲ್ಟು. ನಡುವೆ ಯಾರೋ ಕರೆದರು, ಚಹಾ ಬಂತು ಎಂದು ಎದ್ದು ಹೋದರೂ ಮರಳಿ ಬಂದಾಗ ಎಲ್ಲಿ ಬಿಟ್ಟಿದ್ದಿರೆಂಬುದು ಕಣ್ಣೆದುರೇ ಇರುತ್ತದೆ.

ಗಾಲಿ ನಟ್ಟು

ಹಬ್ಬಿನ ಮುಖ, ಡಿಸ್ಕಿನ ಹಿಂಭಾಗ, ಗಾಲಿಯ ಒಳಮೈ ಮೂರನ್ನೂ ತುಕ್ಕಿಲ್ಲದಂತೆ ಉಜ್ಜಿ. ನಡುವೆ ಸಿಕ್ಕ ತುಕ್ಕಿನ ಚಕ್ಕೆ ನಾಳೆ ಪುಡಿಯಾದಾಗ ನಟ್ಟು ಸಡಿಲವಾಗುತ್ತದೆ. ನಟ್ಟಿನ ಇಳಿಜಾರು ತುದಿ ಗಾಲಿಯ ಕಡೆಗಿರಲಿ. ಎಲ್ಲವನ್ನೂ ಕೈಯಲ್ಲಿ ತಿರುಗಿಸಿ, ಆಮೇಲೆ ಎದುರುಬದುರು ಕ್ರಮದಲ್ಲಿ ಅರ್ಧ ಬಿಗಿ, ಗಾಲಿ ನೆಲಕ್ಕೆ ತಾಗಿದ ಮೇಲೆ ಅದೇ ಕ್ರಮದಲ್ಲಿ ಪೂರ್ತಿ, 85ರಿಂದ 110. ಐದು ನಟ್ಟಿದ್ದರೆ ನಕ್ಷತ್ರ ಬರೆದಂತೆ ಹೋಗಿ. ಒಂದು ಕಡೆಯಿಂದ ಸಾಲಾಗಿ ಬಿಗಿದರೆ ಡಿಸ್ಕು ಓರೆಯಾಗಿ ಕೂತು, ಸ್ವಲ್ಪ ದಿನದಲ್ಲೇ ಪೆಡಲ್ ಕಾಲಿಗೆ ಬಡಿಯತೊಡಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಬಿಗಿಸಿಕೊಂಡು ಬಂದಿದ್ದರೂ ಮನೆಗೆ ಬಂದು ಒಮ್ಮೆ ಸಡಿಲಿಸಿ ಟಾರ್ಕ್ ಪಾನಾದಿಂದ ಮರುಬಿಗಿಯಿರಿ. ಸಡಿಲಿಸದೆ ಪಾನಾ ಇಟ್ಟರೆ ಅದು ಕ್ಲಿಕ್ ಎನ್ನುವುದು 'ಕಡಿಮೆಯಿಲ್ಲ' ಎಂದಷ್ಟೇ, 'ಹೆಚ್ಚಾಗಿಲ್ಲ' ಎಂದಲ್ಲ.

ದ್ವಿಚಕ್ರಿಗಳಿಗೆ ಒಂದು ಮಾತು

ಡ್ರಮ್ ಬ್ರೇಕಿನ ಬೈಕಿನಲ್ಲಿ ಎಲ್ಲರೂ ಆಕ್ಸಲ್ ನಟ್ ನೋಡುತ್ತಾರೆ, ಟಾರ್ಕ್ ಆರ್ಮ್ ಮರೆಯುತ್ತಾರೆ. ಬ್ರೇಕ್ ಪ್ಲೇಟನ್ನು ಚೌಕಟ್ಟಿಗೆ ಕಟ್ಟಿ ಹಿಡಿಯುವ ಆ ಉದ್ದ ಪಟ್ಟಿಯ ನಟ್ಟು ಬಿದ್ದುಹೋದರೆ ಬ್ರೇಕ್ ಒತ್ತಿದ ಕೂಡಲೇ ಪ್ಲೇಟೇ ಗಾಲಿಯ ಜೊತೆ ತಿರುಗಿ ಗಾಲಿ ಜಾಮ್ ಆಗುತ್ತದೆ. ಅದರ ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದಾಗಿರಲಿ, ತಂತಿ ತುಂಡು ಬೇಡ. ಆಕ್ಸಲ್ ನಟ್ಟಿಗೆ ಕೊನೆಯ ಬಿಗಿ ಕೊಡುವಾಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದರೆ ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಬ್ರೇಕ್ ತೋಳಿನ ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್. ಉದ್ದ ಪಾನಾ ಹಿಡಿದರೆ ಅದನ್ನು ಕತ್ತರಿಸುವುದು ಬಲು ಸುಲಭ.

ಹೊರಡುವ ಮೊದಲು, ಹೊರಟ ಮೇಲೆ

ಪ್ಯಾಡ್ ಬದಲಿಸಿದ್ದರೆ ಪಿಸ್ಟನ್ ಹಿಂದಕ್ಕೆ ಹೋಗಿರುತ್ತದೆ. ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಎಂಜಿನ್ ಚಾಲು ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ. ಅಂಗಳದಿಂದ ಹೊರಗಿನ ಗೋಡೆಗೆ ಗುದ್ದಿದ ಕಾರುಗಳನ್ನು ನಾನು ನೋಡಿದ್ದೇನೆ, ಕಾರಣ ಇದೊಂದೇ. ಆಮೇಲೆ ಎಂಜಿನ್ ಚಾಲೂ ಇರುವಾಗ ಒಬ್ಬರು ಒಂದು ನಿಮಿಷ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಗಾಡಿಯ ಹೊರಗೆ ನಿಂತೇ ಬ್ಯಾಟರಿ ಬೆಳಕಿನಲ್ಲಿ ಪ್ರತಿ ಜೋಡಣೆ ನೋಡಲಿ. ಬಿಳಿ ಕಾಗದ ಒತ್ತಿ ತೆಗೆದರೆ ಕಣ್ಣಿಗೆ ಕಾಣದ ಜಿನುಗೂ ಕಾಣುತ್ತದೆ. ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ಗಾಡಿ ಅಂಗಳ ದಾಟಬಾರದು.

ಮೊದಲ ಓಡಾಟ ನಡೆಯುವ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕಿನ ಮೇಲೆ. ನಾನು ಭಾನುವಾರ ನಸುಕಿನಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ಹೋಗುತ್ತೇನೆ. ಹಿಂದೆ ಮುಂದೆ ಗಾಡಿಯಿಲ್ಲದಾಗ 50ರ ವೇಗದಿಂದ 10ಕ್ಕೆ ಮೆಲ್ಲಗೆ ಇಳಿಸುವುದು, ಅರ್ಧ ನಿಮಿಷ ತಣಿಸುವುದು, ಮತ್ತೆ ಇಳಿಸುವುದು. ಹೀಗೆ ಎಂಟು ಹತ್ತು ಸಲ ಮಾಡಿದರೆ ಹೊಸ ಪ್ಯಾಡು ಡಿಸ್ಕಿಗೆ ಹೊಂದುತ್ತದೆ. ಬಿಸಿ ಡಿಸ್ಕಿನ ಮೇಲೆ ಬ್ರೇಕ್ ಒತ್ತಿ ನಿಲ್ಲಿಸಬೇಡಿ, ನೀರನ್ನೂ ಹಾಕಬೇಡಿ.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಗಾಡಿ ತಣ್ಣಗಿದ್ದಾಗ ಗಾಲಿ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ನೋಡಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಷ್ಟು ದಾರಿ ಸಾಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಲಿಯ ಹಿಂದೆ ಬೆಳಕು ಹಿಡಿದರೆ ಬ್ರಾಕೆಟ್ ಮತ್ತು ಪಿನ್ನಿನ ಹಳದಿ ಗೆರೆಗಳು ಕಾಣುತ್ತವೆ. ಗೆರೆ ಮುರಿಯದೆ ನೇರವಾಗಿದ್ದರೆ ಬೋಲ್ಟು ಅಲುಗಿಲ್ಲ, ಅದನ್ನು ಮುಟ್ಟಬೇಡಿ. ಗೆರೆ ಕೂದಲಿನಷ್ಟು ಸರಿದಿದ್ದರೂ ಆ ಬೋಲ್ಟನ್ನು ಬಿಚ್ಚಿ, ಸ್ವಚ್ಛ ಮಾಡಿ, ಹೊಸದಾಗಿ ಬಿಗಿದು, ಹಳೆಯ ಗೆರೆ ಒರೆಸಿ ಹೊಸದು ಎಳೆಯಿರಿ. ತಾರೀಖು, ಕಿಲೋಮೀಟರು, ಬಿಗಿದ ಅಂಕಿ ಮೂರನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮರುದಿನ ಬೆಳಿಗ್ಗೆ ಗಾಡಿ ತೆಗೆದ ಮೇಲೆ ಅದು ನಿಂತಿದ್ದ ನೆಲವನ್ನು ಒಮ್ಮೆ ಬಗ್ಗಿ ನೋಡಿ.